ನಮ್ಮ ಮಾವ ಪುಸ್ತಕ ಓಡಿಸಿದ್ದು

ನಮ್ಮ ಮಾವನಿಗೆ ತಲೆ ಸರಿಯಿಲ್ಲ ಎಂದು ಕೊಟ್ಟೂರಿನಲ್ಲಿ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳುವುದಾದರೂ ಹೇಗೆ? ಅರ್ಧ ಊರಿಗೆ ಗಣಿತ ಕಲಿಸಿದವರೇ ಅವರು! ಕಲಿಸಿದವರಿಗೇ ತಲೆ ಸರಿಯಿಲ್ಲ ಎಂದರೆ ಕಲಿತವರ ಗತಿಯೇನು? ಹಾಗಾಗಿ ಊರವರು "ಸರ್ ಸ್ವಲ್ಪ ಬ್ಯಾರೆ ಥರ" ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ನನಗೆ ಆ ಮುಲಾಜಿಲ್ಲ. ಅವರು ನನ್ನ ಅಕ್ಕನ ಗಂಡ. ಮೇಲಾಗಿ ನಾನು ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದವನು.

ನನ್ನದು ಬಸ್ ನಿಲ್ದಾಣದ ಹತ್ತಿರ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಏನೇ ಬರಲಿ, ಮೌಸ್ ಹಿಡಿದು ಅಕ್ಷರವನ್ನು ಎಳೆದು, ಹಿಗ್ಗಿಸಿ, ಕುಗ್ಗಿಸಿ ಅರ್ಧ ಗಂಟೆಯಲ್ಲಿ ಕೊಟ್ಟುಬಿಡುತ್ತೇನೆ. ಮಾವ ಮಾತ್ರ ಮೌಸ್ ಮುಟ್ಟುವುದಿಲ್ಲ. ಅವರ ಕಂಪ್ಯೂಟರಿನಲ್ಲಿ ಒಂದು ಕಪ್ಪು ಪರದೆ. ಅದೇ ಅವರ ಎಡಿಟರ್. ಅದರಲ್ಲಿ ಬರೀ ಅಕ್ಷರ ಕುಟ್ಟುತ್ತಾರೆ. ನಡುನಡುವೆ ಒಂದು ಓರೆಗೆರೆ ಎಳೆದು ಇದು ತಲೆಬರಹ, ಇದು ದಪ್ಪಕ್ಷರ, ಇಲ್ಲಿ ಹೊಸ ಪುಟ ಎಂದು ಅಪ್ಪಣೆ ಬರೆಯುತ್ತಾರೆ. ಆಮೇಲೆ ಆ ಕಪ್ಪು ಪರದೆಯಿಂದ ಹೊರಗೆ ಬರದೆಯೇ ಎರಡು ಕೀ ಒತ್ತುತ್ತಾರೆ. ಕೆಳಗಡೆ ಏನೇನೋ ಸಾಲುಗಳು ದಡದಡ ಓಡುತ್ತವೆ. ಓಟ ನಿಂತ ಮೇಲೆ ಪಕ್ಕದಲ್ಲಿ ಪುಟ ಸಿದ್ಧ! ಇದಕ್ಕೆ ಅವರಿಟ್ಟ ಹೆಸರು 'ಓಡಿಸೋದು'.

"ಇಷ್ಟು ತ್ರಾಸ ಯಾಕ ಮಾವ? ಮೌಸ್ ಹಿಡೀರಿ," ಎಂದೆ ಒಮ್ಮೆ.

"ನೀನು ಒಂದೊಂದು ಅಕ್ಷರದ ಕೈ ಹಿಡದು ಬೆಂಚಿಗೆ ಕುಂದರಸ್ತೀಯಲೇ. ನಾನು ಮೇಷ್ಟ್ರು. ಕುಂದರ್ರಿ ಅಂತೀನಿ, ಅವ ಕುಂದರ್ತಾವ!"

ಕುಂದರ್ತಾವ, ಸರಿ. ಆದರೆ ಕಿರಾಣಿ ಸಾಮಾನಿನ ಚೀಟಿಯನ್ನೂ ಹಾಗೇ ಕುಂದರಿಸಬೇಕೆ? ಅಕ್ಕ ಎಣ್ಣೆ, ಬೇಳೆ, ಬೆಲ್ಲ ಎಂದು ಹೇಳಿದ್ದಷ್ಟೇ. ಮಾವ ಮುಖಪುಟ, ಪರಿವಿಡಿ ಸಮೇತ ನಾಲ್ಕು ಪುಟ ಮಾಡಿಕೊಂಡು ಅಂಗಡಿಗೆ ಹೋದರು. ಪರಿವಿಡಿಯಲ್ಲಿ ಬೆಲ್ಲದ ಮುಂದೆ ಪುಟಸಂಖ್ಯೆ ಇರಬೇಕಾದ ಕಡೆ ಎರಡು ಪ್ರಶ್ನಾರ್ಥಕ ಚಿಹ್ನೆ! ಪುಟಸಂಖ್ಯೆ ಬರಬೇಕಾದರೆ ಎರಡು ಸಲ ಓಡಿಸಬೇಕಂತೆ. ಮೊದಲ ಸಲ ಯಾವುದು ಎಲ್ಲಿದೆ ಎಂದು ಅದು ಗುರುತು ಹಾಕಿಕೊಳ್ಳುತ್ತದಂತೆ, ಎರಡನೇ ಸಲ ತುಂಬುತ್ತದಂತೆ. ಇವರು ಅವಸರದಲ್ಲಿ ಒಂದೇ ಸಲ ಓಡಿಸಿದ್ದರು.

"ಸರ್, ಬೆಲ್ಲ ಬೇಕೋ ಬ್ಯಾಡೋ ಅಂತ ನಿಮಗೂ ಡೌಟ್ ಐತೇನ್ರಿ?" ಎಂದು ಅಂಗಡಿಯವನು ಕೇಳಿದನಂತೆ. ಪಾಪ, ಅವನೂ ಇವರ ಹಳೇ ವಿದ್ಯಾರ್ಥಿ. ಅಂದಿನಿಂದ ಅಕ್ಕ ಚೀಟಿ ಬರೆಸುವುದನ್ನೇ ಬಿಟ್ಟಳು.

ಇದು ಮನೆಯೊಳಗಿನ ಮಾತಾಯಿತು. ನನ್ನ ಮಗಳ ಮದುವೆ ಕಾರ್ಡಿನ ವಿಷಯ ಹೇಳಿದರೆ ಇವತ್ತಿಗೂ ನನ್ನ ಹೆಂಡತಿಗೆ ಬಿಪಿ ಏರುತ್ತದೆ. "ಕಾರ್ಡ್ ನಾನ ಮಾಡ್ತೀನಿ" ಎಂದು ಮಾವ ಹಟ ಹಿಡಿದರು. ಬೀಗರು ಹಗರಿಬೊಮ್ಮನಹಳ್ಳಿಯವರು. ಅವರ ಅಣ್ಣನ ಹೆಸರು ಊರು, ಮನೆತನ, ಇನಿಶಿಯಲ್ಲು ಎಲ್ಲ ಸೇರಿ ಒಂದು ಗೂಡ್ಸ್ ಗಾಡಿಯಷ್ಟು ಉದ್ದ. ಓಡಿಸಿದಾಗ ಆ ಸಾಲು ಅಂಚು ದಾಟಿ ಎರಡು ಪಾಯಿಂಟ್ ಹೊರಗೆ ಬಂದಿದೆ ಎಂದು ಪರದೆ ದೂರು ಹೇಳಿತು. ಎರಡು ಪಾಯಿಂಟ್ ಅಂದರೆ ಒಂದು ಸಾಸಿವೆ ಕಾಳಿನಷ್ಟೂ ಇಲ್ಲ! ಮಾವ ಸೀದಾ ಬೀಗರಿಗೇ ಫೋನ್ ಹಚ್ಚಿದರು.

"ನಿಮ್ಮ ಅಣ್ಣಾರು ಸ್ವಲ್ಪ ಹೊರಗ ಬಂದಾರ್ರಿ. ಒಂದು ಇನಿಶಿಯಲ್ ತಗದ್ರ ಒಳಗ ಬರ್ತಾರ. ತಗೀಲೇನ್ರಿ?"

"ನಮ್ಮಣ್ಣನ್ನ ಹೊರಗ ಹಾಕೋ ಸಂಬಂಧನ ನಮಗ ಬ್ಯಾಡ್ರಿ!" ಎಂದರು ಬೀಗರು.

ನಾನು, ನನ್ನ ಹೆಂಡತಿ ಹಗರಿಬೊಮ್ಮನಹಳ್ಳಿಗೆ ಹೋಗಿ ಕೈಕಾಲು ಹಿಡಿದು ಬರಬೇಕಾಯಿತು. ಕಾರ್ಡನ್ನು ನಾನೇ ಮೌಸ್ ಹಿಡಿದು ಮುಗಿಸಿದೆ. ಮದುವೆಯ ದಿನ ಮಾವ ಕೈಯಲ್ಲಿ ಅಕ್ಷತೆ ಹಿಡಿದುಕೊಂಡೇ ನನ್ನ ಕಿವಿಯ ಹತ್ತಿರ ಬಂದು, "ಮೂರನೇ ಸಾಲು ಎಡಕ್ಕ ವಾಲೇತಿ ನೋಡಲೇ" ಎಂದರು. ತಾಳಿ ಕಟ್ಟುವ ಹೊತ್ತಿನಲ್ಲಿ!

ಇಂಥವರೊಂದಿಗೆ ನಮ್ಮಕ್ಕ ಸಂಸಾರ ಮಾಡಿದ್ದಾಳೆ, ಅದೂ ನಗುನಗುತ್ತಾ. ಅಕ್ಕನಿಗೂ ಒಂದು ಹುಚ್ಚಿತ್ತು: ಓದುವುದು. ಶ್ರಾವಣ ಬಂತೆಂದರೆ ಓಣಿಯ ಈಶ್ವರ ಗುಡಿಯಲ್ಲಿ ತಿಂಗಳಿಡೀ ಸಂಜೆ ಹೊತ್ತು ಹೆಂಗಸರಿಗೆ ಪುರಾಣ ಓದಿ ಹೇಳುವವಳು ಅವಳೇ. ಮೊದಲು ಅವಳ ಅತ್ತೆ ಓದುತ್ತಿದ್ದರು, ಅತ್ತೆಯ ನಂತರ ಪುಸ್ತಕವೂ ಕೂತು ಓದುವ ಮಣೆಯೂ ಅಕ್ಕನಿಗೆ ಬಂದವು. ಮಕ್ಕಳಿಲ್ಲದ ಅಕ್ಕನಿಗೆ ಆ ಒಂದು ತಿಂಗಳು ಇಡೀ ವರ್ಷದ ಊಟವಿದ್ದ ಹಾಗೆ.

ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ಅಕ್ಕ ಓದುತ್ತಾ ಓದುತ್ತಾ ನಿಂತುಬಿಟ್ಟಳು. ಸಾಲು ಸಿಗಲಿಲ್ಲ. ಪುಸ್ತಕವನ್ನು ಮೂಗಿನ ಹತ್ತಿರ ತಂದಳು, ದೂರ ಹಿಡಿದಳು. ಕೊನೆಗೆ ಹೆಂಗಸರಲ್ಲೊಬ್ಬರು ಮೆಲ್ಲಗೆ, "ಅಕ್ಕಾರ, ನಾಳಿಂದ ನಮ್ಮ ಸೊಸಿ ಓದ್ಲಿ ಬಿಡ್ರಿ. ನೀವು ಆರಾಮ ಕುಂತು ಕೇಳ್ರಿ" ಎಂದರಂತೆ. ಒಳ್ಳೆಯ ಮನಸ್ಸಿನಿಂದಲೇ ಅಂದ ಮಾತು. ಅಕ್ಕ ಮನೆಗೆ ಬಂದು ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ. ಶುಗರ್ ಕಣ್ಣಿಗೆ ಇಳಿದಿದೆ, ಇರುವಷ್ಟು ದೃಷ್ಟಿ ಉಳಿದರೆ ಪುಣ್ಯ ಎಂದು ದಾವಣಗೆರೆಯ ಡಾಕ್ಟರು ಹೇಳಿದರು. ಆ ಮಣೆ ಬಿಟ್ಟು ಎದ್ದರೆ ಅಕ್ಕ ಮತ್ತೆ ಗೆಲುವಾಗಿ ಏಳುವವಳಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು.

ನಾನು ಜಾಣ! ಪುಸ್ತಕವನ್ನು ಜೆರಾಕ್ಸ್ ಮೆಷಿನ್ನಿಗೆ ಹಾಕಿ ದೊಡ್ಡದು ಮಾಡಿ ಒಯ್ದು ಕೊಟ್ಟೆ. ಮಾವ ನೋಡಿದರು. "ಅಕ್ಷರ ದೊಡ್ಡದಾಗ್ಯಾವ, ಖರೆ. ಮಸಿನೂ ದೊಡ್ಡದಾಗೇತಲ್ಲೋ," ಎಂದರು. ನಿಜ. ಹಳೇ ಪುಸ್ತಕದ ಕಲೆಗಳೆಲ್ಲ ಅಕ್ಷರಕ್ಕಿಂತ ಜೋರಾಗಿ ಕಾಣುತ್ತಿದ್ದವು.

ಮರುದಿನ ಮಾವ ಆ ಕಪ್ಪು ಪರದೆಯ ಮುಂದೆ ಕುಳಿತವರು, ಇಡೀ ಪುರಾಣವನ್ನು ಮೊದಲಿನಿಂದ ಕುಟ್ಟತೊಡಗಿದರು. ಎರಡು ಬೆರಳಿನಲ್ಲಿ! ತಿಂಗಳುಗಟ್ಟಲೆ! ದಿನಾ ಬೆಳಿಗ್ಗೆ ಹಿಂದಿನ ದಿನದ್ದನ್ನು ಗಟ್ಟಿಯಾಗಿ ಓದುವರು. ಅಕ್ಕ ಪಡಸಾಲೆಯಲ್ಲಿ ಕೂತು ಕೇಳುವಳು.

"ನಿಂದರ್ರಿ. ಅಲ್ಲೊಂದು ಸಾಲು ಬಿಟ್ರಿ."

"ಎಲ್ಲೇ ಬಿಟ್ಟೀನಿ?"

"ಬಿಟ್ಟೀರಿ. ಪುಸ್ತಕ ನೋಡ್ರಿ."

ನೋಡಿದರೆ ಬಿಟ್ಟಿರುತ್ತಿದ್ದರು. ತಿದ್ದಿ, ಓಡಿಸಿ, ಮತ್ತೆ ಓದುವರು. ಮುಗಿದ ಮೇಲೆ ನಮ್ಮ ಅಂಗಡಿಯಲ್ಲೇ ಪ್ರಿಂಟಾಗಿ ಸ್ಪೈರಲ್ ಬೈಂಡಾಯಿತು. ಮುಂದಿನ ಶ್ರಾವಣದಲ್ಲಿ ಅಕ್ಕ ಮತ್ತೆ ಮಣೆಯ ಮೇಲೆ!

ಇಲ್ಲಿ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ಆ ಅಕ್ಷರವೂ ಸಾಲದು ಎಂದು ಅಕ್ಕ ಹೇಳಿದಾಗ, ಮಾವ ಮೊದಲ ಸಾಲಿನಲ್ಲಿ ಅಕ್ಷರದ ಅಳತೆ ಎಂದಿದ್ದ ಇಪ್ಪತ್ತನ್ನು ಅಳಿಸಿ ಇಪ್ಪತ್ತೆಂಟು ಮಾಡಿ ಓಡಿಸಿದರು. ಅಷ್ಟೇ! ಇಡೀ ಪುಸ್ತಕ ಎದ್ದು ಸರಿದು ಹೊಸದಾಗಿ ಕುಳಿತಿತು. ಪುಟಸಂಖ್ಯೆ, ಪರಿವಿಡಿ ಎಲ್ಲ ತಾವಾಗಿಯೇ ಬದಲಾದವು. ಮೌಸಿನಲ್ಲಿ ನಾನು ಪುಟಪುಟವನ್ನೂ ಎಳೆದಾಡಿ ಅಳಬೇಕಾಗುತ್ತಿತ್ತು. ನಾನು ಏನೂ ಅನ್ನಲಿಲ್ಲ. ಅಂದರೆ ಮಾವನಿಗೆ ಕೊಂಬು ಬರುತ್ತದೆ!

ಈ ಶ್ರಾವಣಕ್ಕೆ ನಲವತ್ತು. ಪುಸ್ತಕ ಆರು ಸಂಪುಟವಾಯಿತು. ಹೊರಲು ಇಬ್ಬರು ಬೇಕು. ಒಂದು ಸಂಜೆ ನಾನೂ ಗುಡಿಗೆ ಹೋಗಿ ಅಕ್ಕನ ಹಿಂದಿನ ಕಂಬಕ್ಕೆ ಒರಗಿ ಕೂತೆ. ಅಕ್ಷರ ಅಷ್ಟು ದಪ್ಪ, ಕಂಬದಿಂದಲೇ ನಾನೂ ಓದಬಹುದು. ಓದಿದೆ. ಬೈಂಡ್ ಮಾಡುವಾಗ ನಾನು ನಾಲ್ಕನೇ ಅಧ್ಯಾಯದ ಜಾಗದಲ್ಲಿ ಐದನೇ ಅಧ್ಯಾಯದ ಹಾಳೆ ಸೇರಿಸಿಬಿಟ್ಟಿದ್ದೆ! ಅಕ್ಕನ ಕೈಯಲ್ಲಿ ತೆರೆದಿದ್ದದ್ದು ಐದನೆಯದು. ಅವಳ ಬಾಯಿಂದ ಬರುತ್ತಿದ್ದದ್ದು ನಾಲ್ಕನೆಯದು. ಒಂದು ಮಾತೂ ತಪ್ಪದೆ, ಬೆರಳನ್ನು ಸಾಲಿನ ಮೇಲೆ ಆಡಿಸುತ್ತಾ, ಹೊತ್ತಿಗೆ ಸರಿಯಾಗಿ ಹಾಳೆ ಮಗುಚುತ್ತಾ ಅಕ್ಕ ಓದುತ್ತಲೇ ಇದ್ದಳು.

ಹೊರಗೆ ಕಟ್ಟೆಯ ಮೇಲೆ ಮಾವ ಕೂತಿದ್ದರು. ಓಡಿದೆ.

"ಮಾವ, ಅಕ್ಕಗ ಅಕ್ಷರ ಕಾಣಂಗಿಲ್ಲ!"

"ಮೆಲ್ಲಕ ಮಾತಾಡಲೇ. ಯುಗಾದಿಯಿಂದ ಕಾಣಂಗಿಲ್ಲ."

"ಗೊತ್ತಿದ್ದೂ ನಲವತ್ತರಾಗ ಪ್ರಿಂಟ್ ಯಾಕ ಹಾಕಿಸಿದ್ರಿ?"

"ಆಕಿ ನನಗ ಹೇಳಿಲ್ಲ. ಆಕಿ ಹೇಳೋತನಕ ನನಗ ಗೊತ್ತಿಲ್ಲ."

"ಮತ್ತ ಇಷ್ಟೆಲ್ಲ ಬಾಯಿಗೆ ಹೆಂಗ ಬಂತು?"

"ದಿನಾ ಬೆಳಿಗ್ಗೆ ಓದತೀನಲ್ಲ. ಆಕಿ ತಪ್ಪು ಹಿಡೀತಾಳ."

"ಇನ್ನೂ ತಪ್ಪು ಅದಾವೇನು?"

ಮಾವ ಗುಡಿಯ ಬಾಗಿಲ ಕಡೆ ಒಮ್ಮೆ ನೋಡಿದರು. "ಹೋದ ವರ್ಷಕ್ಕ ಎಲ್ಲಾ ಮುಗದ್ವು. ಈಗ ನಾನ ಹಾಕ್ತೀನಿ. ದಿನಕ್ಕ ಐದು. ಒಂದು ಸಾಲು ಬಿಡ್ತೀನಿ, ಒಂದು ಹೆಸರು ಬದಲಿ ಮಾಡ್ತೀನಿ. ತಪ್ಪಿಲ್ಲಂದ್ರ ಓದೋದು ಯಾಕಂತ ಕೇಳ್ತಾಳ. ನಿನಗ ಕಾಣಂಗಿಲ್ಲ, ಅದಕ್ಕ ಓದಿ ಹೇಳ್ತೀನಿ ಅನ್ನಾಕ ನನಗ ಬಾಯಿ ಬರಂಗಿಲ್ಲೋ."

ಇವರನ್ನು ಇಷ್ಟು ವರ್ಷ ಆಡಿಕೊಂಡೆನಲ್ಲ ಎಂದು ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಸರಿಯಾಗಿ ಬೈಂಡ್ ಮಾಡಿದ ಸಂಪುಟ ಹಿಡಿದು ಅವರ ಮನೆಗೆ ಹೋದೆ. ಒಳಗಿನ ಕೋಣೆಯಲ್ಲಿ ಮಾವ ಓದಿ ಮುಗಿಸಿ, ಕುಟ್ಟಿ ತಿದ್ದುವ ಸದ್ದು ಕೇಳುತ್ತಿತ್ತು. ಅಕ್ಕ ಪಡಸಾಲೆಯಲ್ಲಿ ಕೈಯಲ್ಲೇ ತಡವಿ ಶೇಂಗಾ ಸುಲಿಯುತ್ತಿದ್ದಳು. ನನ್ನ ಹೆಜ್ಜೆ ಗುರುತು ಹಿಡಿದು ಹತ್ತಿರ ಕರೆದಳು. ಮುಖದ ತುಂಬ ಕಳವಳ.

"ಬಾ ಇಲ್ಲಿ. ನಿಮ್ಮ ಮಾವನ್ನ ಒಂದೀಟು ನೋಡು ಹೋಗು," ಎಂದಳು ದನಿ ತಗ್ಗಿಸಿ. "ದಿನಾ ಲೆಕ್ಕ ಹಾಕಿ ಐದ ತಪ್ಪು ಇಡ್ತಾರ. ಇವತ್ತ ಆರು ಬಂದಾವ. ಮೈಯಾಗ ಆರಾಮಿಲ್ಲೇನೋ."

ಒಳಗೆ ಹೋಗಿ ಮಾವನ ಹಣೆ ಮುಟ್ಟಿ ನೋಡಿದೆ. ಜ್ವರ ಸುಡುತ್ತಿತ್ತು.