ಗುರುಗಳ ಮನೆ ಹುಡುಕಿದ ಶಿಷ್ಯ

ಸುಳ್ಳು ಹೇಳಿದ್ದು ಶಿವರಾಮುವಲ್ಲ, ಮದುವೆ ಕುದುರಿಸುವ ಚಿಕ್ಕಣ್ಣ. ಆರು ವರ್ಷದ ಹಿಂದೆ ಹೆಣ್ಣು ನೋಡಲು ಮಳವಳ್ಳಿಗೆ ಹೋದಾಗ ಉಪ್ಪಿಟ್ಟು ತಿನ್ನುತ್ತಾ, "ಹುಡುಗ ಪಿಟೀಲು ಶಿವಯ್ಯನೋರ ಮನೇಲಿ ಮೂರು ವರ್ಸ ಇದ್ದು ಕಲ್ತವ್ನೆ" ಎಂದುಬಿಟ್ಟ. ಪಿಟೀಲು ಶಿವಯ್ಯ ಎಂದರೆ ಆ ಸೀಮೆಗೇ ಹೆಸರಾದ ವಿದ್ವಾಂಸರು. ಆಗಲೇ ತೀರಿಕೊಂಡಿದ್ದರಿಂದ ಹೋಗಿ ವಿಚಾರಿಸುವ ಭಯವಿರಲಿಲ್ಲ. ಶಿವರಾಮುವಿನ ಬಾಯಲ್ಲೂ ಉಪ್ಪಿಟ್ಟಿತ್ತು, ಅಲ್ಲ ಎನ್ನಲಾಗಲಿಲ್ಲ. ಅದನ್ನು ನುಂಗುವಷ್ಟರಲ್ಲಿ ಹುಡುಗಿಯ ತಂದೆ ಮರಿಸಿದ್ದಯ್ಯ ಮೇಷ್ಟ್ರು ಎದ್ದು ಬಂದು ಅವನ ಎರಡೂ ಕೈ ಹಿಡಿದುಕೊಂಡಿದ್ದರು.

ಮಂಡ್ಯದ ಕಚೇರಿಯಲ್ಲಿ ಗುಮಾಸ್ತನಾದ ಶಿವರಾಮುವಿಗೆ ಅಟೆಂಡರು ಕೂಡ ಎರಡು ಸಲ ಕರೆಯದೆ ಓಗೊಡುತ್ತಿರಲಿಲ್ಲ. ಲೋಕದಲ್ಲಿ ಅವನನ್ನು ಕಂಡು ಕುರ್ಚಿಯಿಂದ ಏಳುತ್ತಿದ್ದವರು ಮಾವ ಒಬ್ಬರೇ. ಪಾಪ, ಅದೊಂದನ್ನು ಕಳೆದುಕೊಳ್ಳಲು ಅವನಿಗೆ ಮನಸ್ಸಿರಲಿಲ್ಲ.

ಈ ಭಾನುವಾರ ಮಗಳ ಮನೆಗೆ ಬಂದಿದ್ದ ಮಾವನನ್ನೂ ಕೂರಿಸಿಕೊಂಡು ಮುತ್ತತ್ತಿಗೆಂದು ಹೊರಟರು. ಕಾರು ಓಡಿಸುತ್ತಿದ್ದವಳು ಹೆಂಡತಿ ಶೋಭಿತಾ. ಮದ್ದೂರಿನಲ್ಲಿ ವಡೆ ತಿನ್ನುವಾಗ ಮೇಷ್ಟ್ರು ಮೆಲ್ಲಗೆ, "ಅಳಿಯಂದ್ರೆ, ಗುಳ್ಳಕಟ್ಟೆ ಇಲ್ಲೇ ಅಲ್ವಾ? ಶಿವಯ್ಯನೋರ ಮನೆ ತೋರ್ಸ್‌ಬುಡಿ. ಹೋದ್ರೆ ಶಿಷ್ಯರ ಜೊತೇಲೇ ಹೋಗ್ಬೇಕು ಅಂತ ಇಷ್ಟು ವರ್ಷ ಕಾದಿದೀನಿ" ಎಂದರು.

ವಡೆ ಗಂಟಲಲ್ಲಿ ನಿಂತಿತು. ಶೋಭಿತಾ ಬೆನ್ನು ತಟ್ಟಿ ನೀರು ಕುಡಿಸಿ, ಕಾರನ್ನು ಗುಳ್ಳಕಟ್ಟೆಯ ದಾರಿಗೆ ತಿರುಗಿಸಿಯೇಬಿಟ್ಟಳು.

ಊರೇನೋ ಸಿಕ್ಕಿತು. ಆದರೆ ಮೂರು ವರ್ಷ ಇದ್ದ ಮನೆಯ ದಾರಿಯನ್ನು ಯಾರನ್ನು ಕೇಳುವುದು, ಹೇಗೆ ಕೇಳುವುದು? ಎಡಕ್ಕೆ ಅಂದ, ತಿಪ್ಪೆ ಬಂತು. ಬಲಕ್ಕೆ ಅಂದ, ಡೈರಿ ಬಂತು. ಮೂರನೇ ಸಲ ಅರಳಿಕಟ್ಟೆ ಸುತ್ತುವಾಗ ಅಲ್ಲಿ ಕೂತಿದ್ದವರಲ್ಲೊಬ್ಬ, "ಯಾವ ಪಾರ್ಟಿಯೋರ್ಲಾ ಇವ್ರು, ಎಲೆಕ್ಷನ್ ಇನ್ನೂ ದೂರ ಅದಲ್ಲ" ಎಂದದ್ದು ಕಾರಿನೊಳಗೂ ಕೇಳಿಸಿತು.

"ರೀ, ಮೂರು ವರ್ಷ ಇದ್ದೆ ಅಂತೀರಿ, ಮನೆ ಗೊತ್ತಾಗಲ್ವಾ?" ಎಂದಳು ಶೋಭಿತಾ.

"ಊರೆಲ್ಲ ಆರ್‌ಸಿಸಿ ಮನೆ ಆಗೋಗದೆ ಕಣೆ. ಎಲ್ಲಿ ಗುರ್ತು ಹಿಡೀಲಿ?"

ಅಷ್ಟರಲ್ಲಿ ಊರಾಚೆ ಒಂದು ಹಳೇ ಹೆಂಚಿನ ಮನೆ ಕಂಡಿತು. ಜಗಲಿಯ ಮೇಲೆ ಒಬ್ಬಳು ಮುದುಕಿ ಹುರುಳಿ ಕೇರುತ್ತಿದ್ದಳು. ನೋಡುವವರಿಗೆ ವಿದ್ವಾಂಸರ ಮನೆ ಅನ್ನಿಸುವಷ್ಟು ಹಳತಾಗಿತ್ತು. "ಅದೇ, ಅದೇ. ನೀವು ನಿಧಾನವಾಗಿ ಬನ್ನಿ" ಎಂದು ಶಿವರಾಮು ಇಳಿದು ಓಡಿ, ಮುದುಕಿಯ ಕಾಲಿಗೆ ಬಿದ್ದ.

"ಅವ್ವಾ, ನನ್ ಮರ್ಯಾದೆ ನಿಮ್ ಕೈಲದೆ. ಇದು ಪಿಟೀಲು ಶಿವಯ್ಯನೋರ ಮನೆ, ನಾನು ಅವ್ರ ಶಿಷ್ಯ ಅಂದ್ಬುಡಿ. ನೀವು ಅವ್ರ ಹೆಂಡ್ತಿ ಅಂದ್ಬುಡಿ. ಅರ್ಧ ಗಂಟೆ ಸಾಕು."

ಮುದುಕಿ ಕೇರುವುದನ್ನು ನಿಲ್ಲಿಸಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಸಿವಯ್ಯನ ಎಂಡ್ತಿ ಅನ್ಬೇಕಾ?"

"ಹೂಂ ಅವ್ವ."

"ಆಯ್ತು ಬುಡು, ಅಂತೀನಿ."

ಹೆಸರು ಮರಿತಾಯಮ್ಮ ಎಂದು ಹೇಳಿಕೊಂಡ ಆ ಮುದುಕಿ ಶುರುಮಾಡಿದ್ದೇ ತಡ, ಶಿವರಾಮು ಬೆರಗಾಗಿಹೋದ. "ಇವ್ನಾ? ಇದೇ ಜಗಲೀಲಿ ಬಿದ್ದಿರ್ತಿದ್ದ ಕಣಪ್ಪ. ತಾಳ ತಪ್ಪಿದ ಅಂತ ನಮ್ಮೆಜಮಾನ್ರು ಈ ಕಂಬುಕ್ಕೇ ಕಟ್ಟಾಕಿದ್ರು. ಸಂಗೀತ ಕಲೀತಿದ್ದುದ್ಕಿಂತ ಮುದ್ದೆ ಉಣ್ತಿದ್ದುದೇ ಎಚ್ಚು" ಎಂದಳು. ಶೋಭಿತಾ ಸೆರಗು ಬಾಯಿಗಿಟ್ಟುಕೊಂಡಳು. ಮೇಷ್ಟ್ರು ಮಾತ್ರ ಆ ಕಂಬವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಅಳಿಯಂದ್ರೆ, ಈ ಜಾಗದಲ್ಲಿ ನಿಮ್ಮ ಕೈಲಿ ಒಂದು ಕೀರ್ತನೆ ಕೇಳಿದ್ರೆ ನನ್ನ ಜೀವಕ್ಕೆ ಸಾಕು" ಎಂದರು.

ಇದಕ್ಕೆ ಆರು ವರ್ಷದಿಂದ ಶಿವರಾಮುವಿನ ಬಳಿ ಒಂದೇ ಉತ್ತರವಿತ್ತು. "ಗುರುಗಳು ಹೋದ ದಿನವೇ ಇನ್ನು ಪಿಟೀಲು ಮುಟ್ಟಲ್ಲ ಅಂತ ಆಣೆ ಇಟ್ಟಿದೀನಲ್ಲ ಮಾವ."

"ಯಾರ ಎಸ್ರಲ್ಲಿ ಇಟ್ಟೆ? ನನ್ ಗಂಡನ ಎಸ್ರಲ್ಲಿ ತಾನೆ?" ಎಂದು ಮರಿತಾಯಮ್ಮ ಎದ್ದಳು. "ಅವ್ರಿಲ್ದಿದ್ರೆ ನಾನಿವ್ನಿ. ಆಣೆ ಬುಡ್ಸಿದೀನಿ, ಓಗು."

ಶಿವರಾಮು ಕಣ್ಣು ಮಿಟುಕಿಸಿದ, ಕೆಮ್ಮಿದ. ಅವಳು ತಿರುಗಿಯೂ ನೋಡದೆ ಒಳಗೆ ಹೋಗಿ, ಮಾಸಿದ ಪೆಟ್ಟಿಗೆಯೊಂದನ್ನು ತಂದು ತೆರೆದಳು. ಒಳಗೆ ಪಿಟೀಲಿತ್ತು.

"ತಂತಿ ಸಡ್ಲ ಆಗವೆ, ಇವತ್ತು ಆಗಾಕಿಲ್ಲ" ಎಂದಳು ಮರಿತಾಯಮ್ಮ. "ಸಂಕ್ರಾಂತಿ ಕಳುದ್ಮೇಲೆ ಯಜಮಾನ್ರ ಆರಾಧ್ನೆ. ಅವತ್ತು ನುಡುಸ್ತಾನೆ."

"ನಾನು ಮಳವಳ್ಳಿಯಿಂದ ಎರಡು ಬಸ್ಸು ಜನ ಕರ್ಕೊಂಡು ಬತ್ತೀನಿ" ಎಂದರು ಮೇಷ್ಟ್ರು.

ನೀರು ಕುಡಿಯುವ ನೆಪದಲ್ಲಿ ಶಿವರಾಮು ಅವಳ ಹಿಂದೆಯೇ ಅಡುಗೆಮನೆಗೆ ಹೋದ.

"ಅವ್ವಾ, ಆ ಪಿಟೀಲು ಯಾರ್ದು?"

"ನನ್ ಗಂಡುಂದು."

"ಅಂಗಾದ್ರೆ ನೀವು ನಿಜ್ವಾಗ್ಲೂ..."

"ಎಂಡ್ತಿ ಅನ್ನು ಅಂತ ನೀನಂದೆ, ನಾನಂದೆ, ಅದು ದಿಟ್ವೇ. ಸುಳ್ಳು ಏಳಿದ್ದು ನಿನ್ ಇಸ್ಯ ಮಾತ್ರ. ಆ ಮನ್ಸ ಸಾಯೋಗಂಟ ಯಾರ್ಗೂ ಕಲಿಸ್ಲಿಲ್ಲ ಕಣ್ಲಾ." ಮರಿತಾಯಮ್ಮನ ದನಿ ಇಳಿಯಿತು. "ನಲ್ವತ್ತು ವರ್ಸ ಇದೇ ಒಲೆ ಮುಂದೆ ಕೂತು ಕೇಳಿ ಕೇಳಿ ನಾನೂ ಕಲ್ತೆ. ಒಬ್ರಾದ್ರೂ ಬಂದು, ನಂಗೂ ಏಳ್ಕೊಡವ್ವ ಅನ್ನಲಿಲ್ಲ. ನೀನು ಸಿಸ್ಯ ಅಂತ ಕಾಲ್ಗೆ ಬಿದ್ದೆ. ಭಾನ್ವಾರ ಭಾನ್ವಾರ ಬಾ, ನಾನು ಕಲಿಸ್ತೀನಿ."

ಶಿವರಾಮು ಹೂಂ ಅನ್ನಲು ಬಾಯಿ ತೆರೆದ. ಆದರೆ ಸಂಕ್ರಾಂತಿಗೆ ಉಳಿದಿದ್ದು ಮೂರೇ ತಿಂಗಳು, ಅವನಿಗೆ ಸರಿಗಮದಲ್ಲಿ ಸ ಯಾವುದು ಎಂದೂ ಗೊತ್ತಿರಲಿಲ್ಲ. ಎರಡು ಬಸ್ಸು ಜನರ ಮುಂದೆ ಮಾನ ಹೋಗುವುದಕ್ಕಿಂತ ಇಬ್ಬರ ಮುಂದೆ ಹೋಗುವುದೇ ಮೇಲು ಎಂದು ಧೈರ್ಯ ಮಾಡಿ ಜಗಲಿಗೆ ಬಂದ.

"ಮಾವ, ತಪ್ಪಾಯ್ತು. ನಾನು ಶಿವಯ್ಯನೋರ ಹತ್ರ ಒಂದು ಸ್ವರಾನೂ ಕಲ್ತಿಲ್ಲ. ನಂಗೆ ಸಂಗೀತವೇ ಬರಲ್ಲ."

ಮೇಷ್ಟ್ರ ಕಣ್ಣು ತುಂಬಿ ಬಂತು. ಮಗಳ ಕಡೆ ತಿರುಗಿದರು.

"ನೋಡ್ದಾ ಮಗ? ಅಂಥಾ ಮಹಾನುಭಾವರ ಹತ್ರ ಮೂರು ವರ್ಷ ಕಲ್ತೂ, ನಂಗೇನೂ ಬರಲ್ಲ ಅಂತವ್ರೆ. ವಿದ್ಯೆ ಅಂದ್ರೆ ಇದು. ಎರಡು ಬಸ್ಸು ಸಾಲಲ್ಲ, ಮೂರು ಮಾಡಿಸ್ತೀನಿ."

ಮರಿತಾಯಮ್ಮ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಹುರುಳಿಯಲ್ಲಿ ಕಲ್ಲು ಹುಡುಕುತ್ತಾ ಕೇಳಿದಳು. "ಈಗ ಏಳು, ಭಾನ್ವಾರ ಎಷ್ಟೊತ್ಗೆ ಬತ್ತೀಯ?"