ಬೆಚ್ಚಗಿರುವ ಯುವರಾಜರು

ಬಹಳ ಹಿಂದೆ, ಅಂದರೆ ಹೋದ ಚುನಾವಣೆಗಿಂತಲೂ ಹಿಂದೆ, ಭೂಮಿಯ ತೀರಾ ಕೆಳತುದಿಯಲ್ಲಿ ಧವಳಾವತಿ ಎಂಬ ರಾಜ್ಯವೊಂದಿತ್ತು. ಪ್ರಜೆಗಳೆಲ್ಲ ಪೆಂಗ್ವಿನ್‌ಗಳು. ದೊಡ್ಡವರೆಲ್ಲ ಕರಿಕೋಟಿನವರೇ ಆದ್ದರಿಂದ ಯಾರು ಅಧಿಕಾರಿ, ಯಾರು ಅರ್ಜಿದಾರ ಎಂದು ದೂರದಿಂದ ಹೇಳುವುದು ಕಷ್ಟವಿತ್ತು. ಹತ್ತಿರ ಬಂದಾಗ ಅಧಿಕಾರಿಯ ಹೊಟ್ಟೆ ಮೊದಲು ಕಾಣುತ್ತಿತ್ತು.

ಆಳುತ್ತಿದ್ದವರು ಶ್ರೀಮದ್ ಧವಳೋದರ ಹಿಮಮಾರ್ತಾಂಡ ಮಹಾರಾಜರು. ಅಲ್ಲಿ ಗಂಡಸರೇ ಮೊಟ್ಟೆಯನ್ನು ಪಾದದ ಮೇಲಿಟ್ಟುಕೊಂಡು, ಹೊಟ್ಟೆಯ ಮಡಿಕೆಯಲ್ಲಿ ಮುಚ್ಚಿ, ಚಳಿಗಾಲವಿಡೀ ಉಪವಾಸ ನಿಂತು ಕಾವು ಕೊಡಬೇಕು. ಮಹಾರಾಜರೂ ನಿಂತರು. ಆದರೆ ಒಂದು ದಿನ ಜಯಕಾರ ಕೇಳಿ, ಎರಡೂ ರೆಕ್ಕೆ ಎತ್ತಿ ಬೀಸುವ ಭರದಲ್ಲಿ ಮೊಟ್ಟೆ ಜಾರಿ ಹಿಮದ ಸಂದಿಗೆ ಬಿತ್ತು. ಮಹಾರಾಜರು ಆಚೀಚೆ ನೋಡಿ, ಪಕ್ಕದಲ್ಲಿದ್ದ ಗುಂಡನೆಯ ಮಂಜುಗಡ್ಡೆಯೊಂದನ್ನು ಕೊಕ್ಕಿನಿಂದ ಪಾದಕ್ಕೆ ಎಳೆದುಕೊಂಡರು.

ಇದನ್ನು ಕಂಡವನು ಒಬ್ಬನೇ, ಆಸ್ಥಾನದ ಹೊಗಳುಭಟ ಅಂಕಯ್ಯ. ಕಂಡವನು ಏನು ಮಾಡಿದ? "ಯುವರಾಜರಿಗೆ ಜಯವಾಗಲಿ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಿದ. ಅವನ ಹಂಗಾಮಿ ನೌಕರಿ ಆವತ್ತೇ ಕಾಯಂ ಆಯಿತು.

ಅಂದಿನಿಂದ ಹೊಸ ಪದ್ಧತಿ ಶುರುವಾಯಿತು. ಪ್ರತಿ ಬೆಳಿಗ್ಗೆ ಆಸ್ಥಾನಿಕರು ಸಾಲಾಗಿ ಬಂದು, ರೆಕ್ಕೆಯ ತುದಿಯಿಂದ ಗಡ್ಡೆಯನ್ನು ಮುಟ್ಟಿ, "ಬೆಚ್ಚಗಿದೆ, ಪ್ರಭು" ಎನ್ನಬೇಕು. ಮಹಾಮಂತ್ರಿ ಸ್ಥೂಲಕಂಠರಂತೂ ಒಮ್ಮೆ ರೆಕ್ಕೆ ಸುಟ್ಟಿತೆಂದು ಉಫ್ ಉಫ್ ಎಂದು ಊದಿಕೊಂಡರು. ಯುವರಾಜರು ಅವತರಿಸುವ ತನಕ ಯಾರೂ ಮನೆಮಕ್ಕಳೊಂದಿಗೆ ನೆಲೆ ಬದಲಿಸಕೂಡದೆಂದು ಕಟ್ಟಳೆಯೂ ಆಯಿತು.

ಊರಿನ ಮೊಟ್ಟೆಗಳೆಲ್ಲ ಒಡೆದು ಮರಿಗಳಾದವು. ಅಂಕಯ್ಯನಿಗೂ ಮಗಳು ಹುಟ್ಟಿದಳು, ಚೆಲ್ವಿ, ಬೂದು ತುಪ್ಪುಳದ ಉಂಡೆ. ಆ ತುಪ್ಪುಳ ಚಳಿಗೆ ಸರಿ, ನೀರಿಗಲ್ಲ. ನೆನೆದರೆ ಮರಿ ಮುಳುಗಿದಂತೆಯೇ. ನೀರು ತಡೆಯುವ ಗರಿ ಬರುವ ತನಕ ಕಾಲ ಕೆಳಗಿನ ಹಿಮ ಗಟ್ಟಿಯಿರಬೇಕು. ಮೊದಲೆಲ್ಲ ಇರುತ್ತಿತ್ತು. ಈಚೀಚೆಗೆ ಸಮುದ್ರ ಬಿಸಿಯಾಗಿ, ಬೇಸಿಗೆ ಅವಸರವಾಗಿ ಬಂದು, ಹಿಮ ಅಲ್ಲಲ್ಲಿ ಬಾಯಿಬಿಡತೊಡಗಿತ್ತು. ಉನ್ನತ ಮಟ್ಟದ ಸಮಿತಿ ಸ್ಥಳಪರಿಶೀಲನೆ ಮಾಡಿ, ಮೀನೂಟ ಮಾಡಿ, ವರದಿ ಕೊಟ್ಟಿತು: ಹಿಮ ಒಡೆಯುತ್ತಿಲ್ಲ, ವಿಕೇಂದ್ರೀಕರಣಗೊಳ್ಳುತ್ತಿದೆ.

ಅಂಕಯ್ಯನ ಹೆಂಡತಿ ನಿಂಗಾಜಮ್ಮನಿಗೆ ಅಷ್ಟೊಂದು ಪರಿಭಾಷೆ ಬರುತ್ತಿರಲಿಲ್ಲ.

"ರೀ, ಕಾಲ್ ಕೆಳ್ಗೆ ಲಟಲಟ ಅಂತದೆ, ಕೇಳುಸ್ತಿಲ್ವಾ?"

"ಕೇಳುಸ್ತದೆ ಕಣೆ."

"ಮತ್ತೆ ದೊರೆಗೆ ಯೋಳಿ. ಹಿಂದ್ಗಡೆ ಹಳೇ ಮಂಜಿನ್ ದಿಬ್ಬ ಅದಲ್ಲ, ಅಲ್ಲಿಗೆ ಮಕ್ಳನ್ನ ಕರ್ಕೊಂಡು ಹೋಗ್ಬುಡವ."

"ಯುವರಾಜ್ರು ಹುಟ್ಟೋಗಂಟ ಕದಲಂಗಿಲ್ಲ."

"ಅದು ಹುಟ್ಟೋದಲ್ಲ ಅಂತ ನಿಮ್ಗೆ ಗೊತ್ತು. ನೀವೇ ನಂಗೆ ಯೋಳಿದ್ರಿ. ನಿಮ್ ಕೆಲ್ಸ ಉಳೀಲಿ ಅಂತ ನನ್ ಮಗೀನ ನೀರಿಗ್ ಹಾಕ್ಲಾ?"

ಅಂಕಯ್ಯ ಮಗಳ ಕಡೆ ನೋಡಿದ. ಅವಳು ಅವನ ಪಾದದ ಮೇಲೆ ನಿಂತು ತೂಕಡಿಸುತ್ತಿದ್ದಳು. ಇಂದು ನಿಜ ಹೇಳಿಯೇ ಬಿಡಬೇಕೆಂದು ಗಟ್ಟಿಮನಸ್ಸು ಮಾಡಿ ಆಸ್ಥಾನಕ್ಕೆ ಹೊರಟ.

ಅಲ್ಲಿ ಸರದಿ ನಡೆಯುತ್ತಿತ್ತು. ಬಿಸಿಲು ನೇರ ಸಿಂಹಾಸನಕ್ಕೆ ಬೀಳುತ್ತಿತ್ತು. "ಬೆಚ್ಚಗಿದೆ, ಪ್ರಭು" ಎಂದು ಸ್ಥೂಲಕಂಠರು ರೆಕ್ಕೆ ಹಿಂದಕ್ಕೆಳೆದಾಗ ತುದಿಯಿಂದ ನೀರು ತೊಟ್ಟಿಕ್ಕಿತು. ಎಲ್ಲರೂ ಕೆಳಗೆ ನೋಡಿದರು. ರಾಜಪಾದದ ಮೇಲೆ ಮೊಟ್ಟೆಯಿರಲಿಲ್ಲ, ಒಂದಿಷ್ಟು ನೀರಿತ್ತು.

"ಅಂಕಯ್ಯ, ಇದೇನಾಯಿತು?" ಎಂದರು ಮಹಾರಾಜರು. ಆ ಕಣ್ಣು ಕಂಡಿದ್ದೇ ಅಂಕಯ್ಯನ ಗಟ್ಟಿಮನಸ್ಸು ಗಡ್ಡೆಗಿಂತ ಬೇಗ ಕರಗಿತು. ಆದರೆ ಅದೇ ಗಳಿಗೆಯಲ್ಲಿ ಒಂದು ಉಪಾಯವೂ ಹೊಳೆಯಿತು: ಯುವರಾಜ ಹುಟ್ಟಿದನೆಂದರೆ ಕಟ್ಟಳೆ ಮುಗಿಯಿತಲ್ಲ! ನೌಕರಿಯೂ ಉಳಿಯಿತು, ಮಗಳೂ ಉಳಿದಳು.

"ಯುವರಾಜರು ಅವತರಿಸಿದರು, ಪ್ರಭು! ದ್ರವರೂಪದಲ್ಲಿ! ಚರಿತ್ರೆಯಲ್ಲೇ ಮೊದಲು!"

ಸಭೆ ಕುಣಿಯಿತು. ಸ್ಥೂಲಕಂಠರು ಹಿಂದೆ ಬೀಳುವವರಲ್ಲ.

"ನೋಡಿ ಪ್ರಭು, ಯುವರಾಜರು ಹರಿದು ಬಿರುಕಿನೊಳಗೆ ಇಳಿಯುತ್ತಿದ್ದಾರೆ. ಸಮುದ್ರ ಸೇರುತ್ತಿದ್ದಾರೆ. ಅಂದಮೇಲೆ ಸಮುದ್ರವೇ ಯುವರಾಜರು! ಪಟ್ಟಾಭಿಷೇಕ ಹಿಮದ ಅಂಚಿನಲ್ಲೇ ಆಗಬೇಕು."

"ಭೇಷ್! ಮಕ್ಕಳನ್ನೂ ಕರೆಸಿ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ."

"ಮಕ್ಕಳೇ ಮುಂದಿನ ಸಾಲು, ಪ್ರಭು. ಹಾಜರಾತಿ ಕಡ್ಡಾಯ."

"ಪ್ರಭು, ಮಕ್ಕಳಿಗೆ ಇನ್ನೂ ಗರಿ..." ಎಂದ ಅಂಕಯ್ಯ.

"ಸಂಕೋಚಪಡಬೇಡ, ಅಂಕಯ್ಯ. ಅವತಾರವನ್ನು ಮೊದಲು ಗುರುತಿಸಿದವನು ನೀನು. ಕಿರೀಟ ಅರ್ಪಿಸುವ ಭಾಗ್ಯ ನಿನ್ನ ಮಗಳಿಗೇ!"

ಆಗಲಾದರೂ ಅವನು ಬಾಯಿಬಿಡಬಹುದಿತ್ತು. ಬಿಟ್ಟ, ಬಂದದ್ದು "ಧನ್ಯೋಸ್ಮಿ" ಎಂಬ ಮಾತು. ಅಭ್ಯಾಸ ಬಹಳ ಕೆಟ್ಟದ್ದು.

ಸಮಾರಂಭ ವಿಜೃಂಭಣೆಯಿಂದ ನಡೆಯಿತು. ಮಹಾರಾಜರು ಭದ್ರತೆಯ ದೃಷ್ಟಿಯಿಂದ ಹಿಂದಿನ ದಿಬ್ಬದ ಮೇಲೆ ನಿಂತರು. ಅಂಚಿನಲ್ಲಿ ಮಕ್ಕಳು, ಮಕ್ಕಳ ಹಿಂದೆ ತಂದೆತಾಯಂದಿರು ಕಿಕ್ಕಿರಿದು ನಿಂತರು. ಚೆಲ್ವಿ ಸಮುದ್ರಪಾಚಿಯ ಕಿರೀಟವನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಮುಂದೆ ನಡೆದಳು. ಅಪ್ಪ ನೋಡುತ್ತಿದ್ದಾನೋ ಇಲ್ಲವೋ ಎಂದು ಒಮ್ಮೆ ತಿರುಗಿ ನೋಡಿದಳು. ಕಿರೀಟ ನೀರಿಗೆ ಬಿತ್ತು, ಚಪ್ಪಾಳೆಯಾಯಿತು, ಚಪ್ಪಾಳೆಯ ನಡುವೆಯೇ ಹಿಮ ಒಡೆಯಿತು.

ದೊಡ್ಡವರು ಈಜಿ ಮೇಲೆ ಬಂದರು. ಅಂಕಯ್ಯ ಮತ್ತೆ ಮತ್ತೆ ಮುಳುಗಿ ಹುಡುಕಿದ. ನೆನೆದ ತುಪ್ಪುಳ ಅವನಿಗಿಂತ ಬೇಗ ಆಳಕ್ಕೆ ಇಳಿದಿತ್ತು.

ಸಂಜೆ ಪ್ರೆಸ್ ನೋಟ್ ಬಂತು: "ಪಟ್ಟಾಭಿಷೇಕ ನಿರ್ವಿಘ್ನವಾಗಿ ನೆರವೇರಿದೆ. ಶ್ರೀ ಯುವರಾಜರು ಮಕ್ಕಳನ್ನು ಖುದ್ದಾಗಿ ತಮ್ಮ ಸೇವೆಗೆ ಆರಿಸಿಕೊಂಡಿದ್ದಾರೆ. ಆಯ್ಕೆಯಾದ ಮಕ್ಕಳ ಕುಟುಂಬಗಳು ಇನ್ನು ಮುಂದೆ ಹಿಡಿದ ಮೀನಿನಲ್ಲಿ ಅರ್ಧವನ್ನು ಕೃತಜ್ಞತಾಪೂರ್ವಕವಾಗಿ ಸಮುದ್ರಕ್ಕೆ ಮರಳಿಸತಕ್ಕದ್ದು." ಅಂಕಯ್ಯನಿಗೆ 'ಯುವರಾಜ ಶ್ವಶುರ', ಅಂದರೆ ಯುವರಾಜರ ಮಾವ, ಎಂಬ ಬಿರುದು ಸಂದಿತು.

ಮರುವರ್ಷದ ಚಳಿಗಾಲ ಬಂತು, ಮೊದಲಿಗಿಂತ ಚಿಕ್ಕದಾಗಿ. ಮಹಾರಾಜರ ಪಾದದ ಮೇಲೆ ಇನ್ನೊಂದು ಗುಂಡನೆಯ ಗಡ್ಡೆ, ಅದರ ಮುಂದೆ ಅದೇ ಸರದಿ. ಹೊರಗೆ ಅಂಚಿನಲ್ಲಿ ನಿಂಗಾಜಮ್ಮ ಗಂಟಲಲ್ಲಿ ಮೀನು ತುಂಬಿಕೊಂಡು ಬಂದು ನಿಂತು, ಚೆಲ್ವಿಗೆ ಮಾತ್ರ ಗುರುತಾಗುವ ದನಿಯಲ್ಲಿ ನೀರಿನ ಕಡೆಗೆ ಕೂಗುತ್ತಿದ್ದಳು. ಗಂಡನ ಜೊತೆ ಅವಳು ಮಾತುಬಿಟ್ಟು ಬಹಳ ಕಾಲವಾಗಿತ್ತು.

ಆ ಕೂಗು ಆಸ್ಥಾನಕ್ಕೂ ಕೇಳುತ್ತಿತ್ತು. ಅಂಕಯ್ಯನ ಸರದಿ ಬಂತು. ಅವನು ಬಾಗಿ, ಕೊರೆಯುವ ಗಡ್ಡೆಯ ಮೇಲೆ ರೆಕ್ಕೆಯಿಟ್ಟ.

"ಬೆಚ್ಚಗಿದೆ, ಪ್ರಭು" ಎಂದ.