ಹಮಾದಾನ ತಾಯಿ ಕೇಳಿದ ಪ್ರಶ್ನೆ

ಕೆಲವರು ಕುಳಿತಲ್ಲೇ ಸುಖವಾಗಿರುತ್ತಾರೆ. ಅಂಥವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನಾನು ಕುಳಿತರೆ ಏಳಬೇಕು, ಎದ್ದರೆ ಹೊರಡಬೇಕು, ಹೊರಟರೆ ಯಾವಾಗ ವಾಪಸು ಬಂದೇನೋ ಎನ್ನಿಸಬೇಕು. ಮದುವೆಮನೆಯಲ್ಲಿ ಎಲೆಗೆ ಸಾರು ಬೀಳುವ ಮೊದಲೇ ಚಪ್ಪಲಿ ಎಲ್ಲಿ ಬಿಟ್ಟೆನೆಂದು ಯೋಚಿಸುವ ಜಾತಿ ನನ್ನದು. ಇಂಥವನು ಮೈಸೂರು ಬಿಟ್ಟು ತೊಂಬತ್ತರ ದಶಕದಲ್ಲಿ ಸೌದಿಯ ರಾಸ್ ತನೂರಾದಲ್ಲಿ ಪಂಪುಗಳ ಎಂಜಿನಿಯರಾಗಿ ಕೂತೆ. ಅಲ್ಲಿ ಒಂದು ಕಡೆ ಮರಳು, ಒಂದು ಕಡೆ ಕಡಲು, ನಡುವೆ ಎಣ್ಣೆಯ ಕೊಳವೆಗಳು. ಸಂಜೆ ಸುತ್ತಾಡಲು ಹೊರಟರೆ ಯಾವ ದಾರಿ ಹಿಡಿದರೂ ಬೇಲಿ ಸಿಗುತ್ತಿತ್ತು.

ಪಕ್ಕದ ಮೇಜಿನಲ್ಲಿ ಹಮಾದಾ ಎಂಬ ಜಪಾನಿ ಕೂರುತ್ತಿದ್ದ. ಮೆದು ಮಾತಿನ ಮನುಷ್ಯ. ಅವನೂರು ಜಪಾನಿನ ಕುಮಾನೊ ಸೀಮೆಯ ಕಡಲತಡಿಯಲ್ಲಿದೆ. ಹಿಂದೆ ಚಕ್ರವರ್ತಿಗಳೇ ಕ್ಯೋಟೋದಿಂದ ವಾರಗಟ್ಟಲೆ ಬೆಟ್ಟ ಹತ್ತಿಳಿದು ಅಲ್ಲಿಗೆ ಯಾತ್ರೆ ಬರುತ್ತಿದ್ದರಂತೆ. ಅಲ್ಲಿ ಒಂದು ಜಲಪಾತವನ್ನೇ ದೇವರೆಂದು ಪೂಜಿಸುತ್ತಾರಂತೆ. ಕೇಳಿ ಕೇಳಿ ನನಗೆ ಕುರ್ಚಿ ಮುಳ್ಳಾಯಿತು. ಅಷ್ಟರಲ್ಲಿ ಹೊಸ ಪಂಪುಗಳನ್ನು ಪರೀಕ್ಷಿಸಲು ನಮ್ಮಿಬ್ಬರನ್ನೂ ಒಸಾಕಾಕ್ಕೆ ಕಳಿಸುವುದೆಂದಾಯಿತು. ಕೆಲಸ ಮುಗಿಸಿ ಎರಡು ದಿನ ತನ್ನ ಮನೆಗೆ ಬಂದುಹೋಗೆಂದು ಹಮಾದಾ ಕರೆದ.

ಸೌದಿಯಲ್ಲಿ ನಮ್ಮ ಪಾಸ್‌ಪೋರ್ಟು ಕಂಪನಿಯ ಕಪಾಟಿನಲ್ಲಿರುತ್ತಿತ್ತು. ನಮ್ಮ ಕೈಯಲ್ಲಿರುತ್ತಿದ್ದದ್ದು ಇಕಾಮಾ ಎಂಬ ಗುರುತುಪತ್ರ ಮಾತ್ರ. ಹೊರಡುವಾಗ ಇಕಾಮಾ ಒಪ್ಪಿಸಿ, ಹೋಗಿಬರುವ ಮುದ್ರೆ ಬಿದ್ದ ಪಾಸ್‌ಪೋರ್ಟ್ ಪಡೆಯಬೇಕು. ಆ ಮುದ್ರೆ ಬೀಳುವವರೆಗೆ ನಾನು ಪೆಟ್ಟಿಗೆ ಕಟ್ಟಿ ಬಿಚ್ಚಿ, ಬಿಚ್ಚಿ ಕಟ್ಟಿ ಹೆಂಡತಿ ವಿಮಲಾಳ ತಲೆ ತಿಂದೆ. ಬರೀ ಮೀನು ತಿನ್ನುವ ಊರಲ್ಲಿ ನಾನು ಉಪವಾಸ ಬೀಳುತ್ತೇನೆಂದು ಅವಳಿಗೆ ಚಿಂತೆ. ಅವಲಕ್ಕಿ ತರಲು ಅಲ್ಲೇ ಪೇಟೆಯಲ್ಲಿದ್ದ ಭಟ್ಕಳದ ಮೊಹಿದ್ದೀನ್ ಸಾಹೇಬರ ಅಂಗಡಿಗೆ ಓಡಿಸಿದಳು. ವಿಷಯ ಕೇಳಿ ಸಾಹೇಬರು ತಕ್ಕಡಿ ಹಿಡಿದುಕೊಂಡೇ, "ಎಂತ ಮಾರಾಯ್ರೇ, ಕಡಲು ಇಲ್ಲೇ ಉಂಟಲ್ಲ? ಅದನ್ನು ನೋಡ್ಲಿಕ್ಕೆ ಜಪಾನಿಗೆ ಹೋಗುದಾ?" ಎಂದರು. ಉತ್ತರ ಹೇಳಲು ನನಗೆಲ್ಲಿ ಪುರಸೊತ್ತು? ಮುದ್ರೆ ಬಿತ್ತೇ ಎಂದು ಆಫೀಸಿಗೆ ಓಡಬೇಕಿತ್ತು.

ಅಂತೂ ಕುಮಾನೊ ತಲುಪಿದೆ. ತಲುಪಿದ ಗಳಿಗೆಯಿಂದ ಉಲ್ಟಾ ಚಿಂತೆ. ಪಾಸ್‌ಪೋರ್ಟ್ ಕಳೆದರೆ? ವಿಮಾನ ತಪ್ಪಿ ಮುದ್ರೆಯ ತಾರೀಕು ಮೀರಿದರೆ? ಪಾಚಿಗಟ್ಟಿದ ಕಲ್ಲುಮೆಟ್ಟಿಲುಗಳನ್ನು ಜೇಬು ಮುಟ್ಟಿಕೊಳ್ಳುತ್ತ ಹತ್ತಿದೆ. ಆಕಾಶದಿಂದ ನೇರ ಬೀಳುವ ಜಲಪಾತದೆದುರು ನಿಂತು ಗಡಿಯಾರ ನೋಡಿಕೊಂಡೆ. ಬಂದರಿನಲ್ಲಿ ಆಳುದ್ದದ ಮೀನುಗಳನ್ನು ಗ್ಯಾಸ್ ಸಿಲಿಂಡರಿನ ಹಾಗೆ ಸಾಲಾಗಿ ಮಲಗಿಸಿದ್ದರು. ಅವುಗಳಿಗಿದ್ದ ನೆಮ್ಮದಿ ನನಗಿರಲಿಲ್ಲ. ಕಡಲ ಬಳಿಯ ಪುಟ್ಟ ದೇವಾಲಯವೊಂದರಲ್ಲಿ ಮರದ ದೋಣಿಯೊಂದನ್ನು ಇಟ್ಟಿದ್ದರು. ಕರುಣಾಮಯಿ ಬೋಧಿಸತ್ವನ ಪುಣ್ಯಲೋಕ ದಕ್ಷಿಣದ ಕಡಲಾಚೆ ಇದೆಯೆಂದು ನಂಬಿ ಹಿಂದಿನ ಭಿಕ್ಷುಗಳು ಇಂಥ ದೋಣಿಯೊಳಗೆ ಕೂತು, ಬಾಗಿಲಿಗೆ ಹೊರಗಿನಿಂದ ಮೊಳೆ ಹೊಡೆಸಿಕೊಂಡು ತೇಲಿಹೋಗುತ್ತಿದ್ದರೆಂದು ಹಮಾದಾ ಹೇಳಿದ. ವಾಪಸು ಬರುವ ಏರ್ಪಾಡು ಏನಿತ್ತು ಎಂದು ಕೇಳಿದೆ. ಅವನು ನನ್ನ ಮುಖ ನೋಡಿ, ಊಟಕ್ಕೆ ಹೊತ್ತಾಯಿತೆಂದು ಮನೆಯ ದಾರಿ ಹಿಡಿದ.

ಸಂಜೆ ಅವನ ತಾಯಿ ಊಟಕ್ಕಿಟ್ಟರು. ಎಪ್ಪತ್ತು ದಾಟಿದ ಹಣ್ಣು ಮುದುಕಿ. ಉಪ್ಪಿನಲ್ಲಿ ನೆನೆಸಿದ ಸಾಸಿವೆ ಎಲೆಯಲ್ಲಿ ಸುತ್ತಿದ, ಮುಷ್ಟಿಗಿಂತ ದೊಡ್ಡ ಅನ್ನದ ಉಂಡೆ. ಬಾಯಿ ತೆರೆದಷ್ಟೂ ಕಣ್ಣು ಅಗಲವಾಗುತ್ತದೆಂದು ಅದಕ್ಕೆ ಕಣ್ಣರಳಿಸುವುದು ಎಂದೇ ಹೆಸರಂತೆ. ಜೊತೆಗೆ ಹುಳಿಯೂ ಉಪ್ಪೂ ಜಿದ್ದಿಗೆ ಬಿದ್ದಂತಿದ್ದ ಹಣ್ಣಿನ ಉಪ್ಪಿನಕಾಯಿ. ನಾನು ದಕ್ಷಿಣ ಭಾರತದವನೆಂದು ಮಗ ಹೇಳಿದ್ದೇ ತಡ, ಆಕೆ ಕಡ್ಡಿಗಳನ್ನು ಕೆಳಗಿಟ್ಟು ಏನೋ ಕೇಳಿದರು. ಹಮಾದಾ ಸಂಕೋಚದಿಂದ ಇಂಗ್ಲಿಷಿಗೆ ತಿರುಗಿಸಿದ. ಭಿಕ್ಷುಗಳು ಹುಡುಕಿಕೊಂಡು ಹೋದ ಆ ಪುಣ್ಯಲೋಕ ದಕ್ಷಿಣ ಭಾರತದಲ್ಲೇ ಇದೆಯೆಂದು ಹಿರಿಯರು ಹೇಳುತ್ತಿದ್ದರಂತೆ. ಅಲ್ಲಿಂದ ಬಂದವರನ್ನು ಆಕೆ ನೋಡುತ್ತಿರುವುದು ಇದೇ ಮೊದಲು. ಹೇಗಿದೆ ಆ ಊರು?

ನಾನು ಉಬ್ಬಿದೆ. ಮಲ್ಲಿಗೆ, ಚಾಮುಂಡಿ ಬೆಟ್ಟ, ಬೆಳಗಿನ ಹೊತ್ತು ನಮ್ಮ ಬೀದಿಯ ಕಾಫಿ ವಾಸನೆ, ಎಲ್ಲ ಹೇಳಿದೆ. ಆಕೆ ಕೈಮುಗಿದುಕೊಂಡೇ ಕೇಳಿದರು. ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಕೇಳಿದರು.

"ಅಂಥ ಜಾಗ ಬಿಟ್ಟು ಮರಳುಗಾಡಿಗೆ ಯಾಕೆ ಹೋದಿರಿ ಅಂತ ಅಮ್ಮ ಕೇಳ್ತಿದ್ದಾರೆ" ಎಂದ ಹಮಾದಾ.

ಅಣಕವಲ್ಲ, ನಿಜವಾಗಿ ತಿಳಿಯದೆ ಕೇಳಿದ್ದು. ನಾನು ಒಂದು ಇಡೀ ಹಣ್ಣನ್ನು ಬಾಯಿಗೆ ಹಾಕಿಕೊಂಡೆ. ಕಣ್ಣಲ್ಲಿ ನೀರು ಬಂತು. ಆಕೆ ಅದನ್ನೇ ಉತ್ತರವೆಂದು ತಿಳಿದು ನನ್ನ ಕೈ ಸವರಿ ಇನ್ನೊಂದು ಹಣ್ಣು ಬಡಿಸಿದರು.

ರಾಸ್ ತನೂರಾಕ್ಕೆ ಬಂದು ಇದನ್ನು ನಗೆಚಾಟಿಕೆಯಾಗಿ ವಿಮಲಾಳಿಗೆ ಹೇಳಿದೆ. ಅವಳು ನಗಲಿಲ್ಲ.

"ಸರಿಯಾಗೇ ಕೇಳಿದಾರಲ್ಲ. ನೀವೇನಂದ್ರಿ?"

"ಉಪ್ಪಿನಕಾಯಿ ಚೆನ್ನಾಗಿದೆ ಅಂದೆ."

ಅವಳು ಒಳಗೆ ಹೋದಳು. ಇನ್ನೇನು ಹೇಳಬಹುದಿತ್ತು ನೀವೇ ಹೇಳಿ. ರಜೆಗೆಂದು ಮೈಸೂರಿಗೆ ಹೋದಾಗಲೆಲ್ಲ ಮೊದಲ ವಾರ ಕಳೆಯುವುದರೊಳಗೆ ಜಗಲಿಯಲ್ಲಿ ಶತಪಥ ತಿರುಗುತ್ತ, ಸೌದಿಯ ವಿಮಾನಕ್ಕೆ ಇನ್ನೆಷ್ಟು ದಿನವೆಂದು ಎಣಿಸುತ್ತಿದ್ದೆ. ಪುಣ್ಯಲೋಕದಲ್ಲಿ ನನಗೆ ಬೇಜಾರಾಗುತ್ತದೆಂದು ಆ ಮಹಾತಾಯಿಗೆ ಯಾವ ಬಾಯಿಂದ ಹೇಳಲಿ?